ಜೋಡಿ ಲೆಕ್ಕ

ಭಾನುವಾರದ ಓದು ಬಳಗಕ್ಕೆ ಬಂದವರು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಸಿದ್ಧಾರ್ಥ ಮಗನನ್ನು ಎತ್ತಿ ತಂದು ನಡುಮನೆಯ ಬೆಂಚಿನ ಮೇಲೆ ನಿಲ್ಲಿಸಿ, ಕೈಗೆ ಅಂದಿನ ಪೇಪರು ಕೊಟ್ಟ. ನಾಲ್ಕು ತುಂಬಿ ಎರಡು ತಿಂಗಳಾಗಿದ್ದ ಪ್ರಬುದ್ಧ ಯಾರ ಮುಖವನ್ನೂ ನೋಡಲಿಲ್ಲ. ಪೇಪರನ್ನು ಮೂಗಿನ ಹತ್ತಿರ ಹಿಡಿದು, "ನಾಲೆ ಕಾಮಗಾರಿ ವಿಳಂಬ: ಸದನದಲ್ಲಿ ಕೋಲಾಹಲ, ಸಭಾತ್ಯಾಗ" ಎಂದು ಒಂದೇ ಉಸಿರಿಗೆ ಓದಿದ. ಒಂದು ಒತ್ತಕ್ಷರವೂ ಜಾರಲಿಲ್ಲ.

"ಅಬ್ಬಬ್ಬಾ!" ಎಂದ ಅಂಚೆ ಕಚೇರಿಯ ದೇವರಾಜ್. "ನಮ್ಮಪ್ಪ ಸಾಯೋವರೆಗೂ ಹೆಬ್ಬೆಟ್ಟು. ನಿನ್ ಮಗ ಹಾಲುಹಲ್ಲಲ್ಲೇ ಸದನಕ್ಕೆ ಹೋಗಿ ಸಭಾತ್ಯಾಗ ಮಾಡ್ಕೊಂಡು ಬಂದ ನೋಡಪ್ಪ!"

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಗೋಡೆಯ ಮೇಲಿನ ಬಾಬಾಸಾಹೇಬರ ಪಟದ ಕೆಳಗೆ ನಿಂತ ಸಿದ್ಧಾರ್ಥನ ಕಣ್ಣು ತುಂಬಿ ಬಂತು. ಅಡುಗೆಮನೆಯ ಬಾಗಿಲಲ್ಲಿದ್ದ ಲತಾಮಣಿ ಮಾತ್ರ ಮಗನ ಬಾಯಿ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಮಗು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದು ನಿಂತಿತ್ತು. ಪೇಪರಿನ ಬೆಲೆ, ಸಂಪುಟ, ಸಂಚಿಕೆ, ಎಲ್ಲವನ್ನೂ ಅದೇ ದನಿಯಲ್ಲಿ ಓದುತ್ತ ಓದುತ್ತ ಬೆಂಚಿನ ಮೇಲೆಯೇ ಉಚ್ಚೆ ಹೊಯ್ದುಕೊಂಡಿತು. ಕೋಲಾಹಲ ಎನ್ನಲು ಬರುತ್ತಿದ್ದ ಆ ಬಾಯಿಗೆ ಉಚ್ಚೆ ಬಂತು ಎನ್ನಲು ಬರುತ್ತಿರಲಿಲ್ಲ.

ಲತಾಮಣಿ ಒರೆಸುವ ಬಟ್ಟೆ ತಂದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಅದು ೨೦೦೩ರ ಏಪ್ರಿಲ್. ಅದಕ್ಕೆ ಹದಿನೈದು ದಿನ ಹಿಂದೆ ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಮಗುವನ್ನು ಅರ್ಧ ದಿನ ನೋಡಿ ಆಟಿಸಂ ಎಂದು ಬರೆದುಕೊಟ್ಟಿದ್ದರು. ಜೊತೆಗೊಂದು ನಮೂನೆ. ಒಂದೊಂದು ಪ್ರಶ್ನೆಯ ಮುಂದೆಯೂ ಹೌದು, ಇಲ್ಲ ಎಂಬ ಎರಡು ಮನೆ. "ನೀವು ಟೀಚರ್ ಅಲ್ವಾ? ಓದೋದು, ಎಣಿಸೋದು ಬರೀ ಬಾಯಲ್ಲಿದೆಯೋ, ಅರ್ಥ ಆಗಿದೆಯೋ, ರಜೆಯಲ್ಲಿ ನೀವೇ ನೋಡಿ ಬರೆದುಕೊಂಡು ಬನ್ನಿ. ಮತ್ತೆ, ಬೇರೆ ಮಕ್ಕಳ ಜೊತೆ ಕೂರಿಸಿ. ಮನೇಲಿ ಇಟ್ಕೊಂಡ್ರೆ ಇದ್ದದ್ದೂ ಹೋಗುತ್ತೆ. ಅದೇ ಔಷಧ," ಎಂದಿದ್ದರು.

ಕೂರಿಸುವುದೆಲ್ಲಿ? ಅಂಗನವಾಡಿಯಿಂದ ಎರಡು ಸಲ ಹೊತ್ತು ತಂದು ಹೊಸ್ತಿಲಲ್ಲಿ ಇಳಿಸಿ ಹೋಗಿದ್ದರು. ಸರ್ಕಾರಿ ಶಾಲೆಗೆ ವಯಸ್ಸು ಸಾಲದು. ಉಳಿದದ್ದು ರೈಲ್ವೆ ಗೇಟಿನ ಆಚೆಯ ಇಂಗ್ಲಿಷ್ ಶಾಲೆಯೊಂದೇ. ಅಲ್ಲಿ ನಾಲ್ಕು ವರ್ಷದ ಮಗುವಿಗೂ ಪರೀಕ್ಷೆ.

ಗಂಡಸಿಯ ಶಾಲೆಯಲ್ಲಿ ಟೀಚರಾಗಿದ್ದ ಲತಾಮಣಿಗೆ ಬೇಸಿಗೆ ರಜೆ. ಓದು ಬಳಗದ ಮಾರನೆಯ ದಿನದಿಂದಲೇ ಶುರುಮಾಡಿದಳು. ಮಗುವಿಗೆ ಉಪ್ಪುಗಡಲೆ ತಿನ್ನಿಸಿ, ಅದು ತುಟಿ ಸವರಿಕೊಳ್ಳುವಾಗ ಮುಂದೆ ಒಂದು ಲೋಟ ನೀರಿಟ್ಟು, ಸ್ಲೇಟಿನ ಮೇಲೆ ಬರೆದಳು: ನೀರು ಕುಡಿ.

"ನೀರು ಕುಡಿ," ಎಂದು ಓದಿತು ಮಗು. ಲೋಟದ ಕಡೆ ನೋಡಲಿಲ್ಲ. "ನೀರು ಕುಡಿ. ನೀರು ಕುಡಿ." ಒಣಗಿದ ತುಟಿಯನ್ನು ನಾಲಿಗೆಯಿಂದ ಒರೆಸಿಕೊಂಡು ಮತ್ತೂ ಒಂದು ಸಲ ಓದಿತು.

ಕಂಬಕ್ಕೆ ಒರಗಿ ಅವರೆಕಾಳು ಆರಿಸುತ್ತಿದ್ದ ಅತ್ತೆ ಹನುಮಮ್ಮ ಎದ್ದು ಬಂದು ಲೋಟವನ್ನು ಮಗುವಿನ ಬಾಯಿಗೆ ಹಿಡಿದಳು. ಗಟಗಟ ಕುಡಿಯಿತು.

"ಏನೇ ನಿನ್ ಪರೀಕ್ಷೆ? ಮಗ ಬಾಯಾರಿ ಸಾಯ್ತಾ ಐತೆ, ನೀನು ಬರ್ಕೊಂಡು ಕೂತಿದ್ದೀಯ. ಇಸ್ಕೂಲ್ ಮೇಡಮ್ಮನ ಬುದ್ಧಿನ ಗಂಡಸಿ ಬಸ್‌ನಲ್ಲೇ ಬಿಟ್ಟು ಬಾ."

"ಅತ್ತೆ, ಅವನಿಗೆ ಗೊತ್ತಾಗುತ್ತೋ ಇಲ್ವೋ ನೋಡ್ಬೇಕಲ್ಲ."

"ಗೊತ್ತಾಗ್ದೆ ಏನು? ಕುಡೀಲಿಲ್ವ?"

ಲತಾಮಣಿ ಓದಿನ ಮುಂದೆ 'ಇಲ್ಲ'ದ ಮನೆಯಲ್ಲಿ ಗುರುತು ಹಾಕಿದಳು. ಮೊರದಿಂದ ಹತ್ತು ಅವರೆಕಾಳು ಎತ್ತಿ ನೆಲಕ್ಕಿಟ್ಟು, "ಎಷ್ಟು ಮಗಾ?" ಎಂದಳು. ಪ್ರಬುದ್ಧ ಎರಡು ಕೈಯನ್ನೂ ಒಟ್ಟಿಗೆ ಚಾಚಿ ಕಾಳು ಎತ್ತಿ ಪಕ್ಕಕ್ಕೆ ಹಾಕುತ್ತ ಹೋದ. ಕೊನೆಗೆ "ಐದು" ಎಂದ. ಆರು ಇಟ್ಟರೆ ಮೂರು ಎಂದ. ಏಳು ಇಟ್ಟರೂ ಮೂರೇ. ಉಳಿದ ಒಂದು ಕಾಳನ್ನು ಬಲಮೊಣಕಾಲಿನ ಪಕ್ಕ ಇಟ್ಟುಕೊಂಡು, ಅವಳು ಅದನ್ನು ಮುಟ್ಟಹೋದರೆ ಕಿರುಚಿ ಕೈ ಕಚ್ಚಿದ. ನಾಲ್ಕು ದಿನವೂ ಇದೇ. ನಾಲ್ಕನೆಯ ದಿನ ಅವಳ ತಾಳ್ಮೆ ಹರಿದು ಮಗುವಿನ ಬೆನ್ನಿಗೊಂದು ಬಿತ್ತು.

"ಹೊಡೀಬ್ಯಾಡ ಕಣೇ! ಅದು ತಪ್ಪು ಹೇಳ್ತಿಲ್ಲ, ಅದು..." ಎಂದು ಬಾಯಿ ತೆರೆದ ಹನುಮಮ್ಮ, ಹೊರಗೆ ಮಗ ಚಪ್ಪಲಿ ಬಿಡುವ ಸದ್ದಿಗೆ ಗಪ್ಪನೆ ಮುಚ್ಚಿಕೊಂಡು ಮೊರ ಎತ್ತಿಕೊಂಡು ಎದ್ದಳು.

ಎಣಿಕೆಯ ಮುಂದೆಯೂ 'ಇಲ್ಲ' ಬಿತ್ತು.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸಿದ್ಧಾರ್ಥನಿಗೆ ಕಾಗದದ ಮೇಲಿನ ಗುರುತು ಎಂದರೇನೆಂದು ಹೇಳಿಕೊಡಬೇಕಿರಲಿಲ್ಲ. ಊಟಕ್ಕೆ ಕೂತವನು ಎಡಗೈಯಲ್ಲಿ ಆ ನಮೂನೆ ಹಿಡಿದು, ಮುರಿದ ಮುದ್ದೆಯನ್ನು ಹಾಗೇ ಬಿಟ್ಟ.

"ಓದಕ್ಕೆ ಬರಲ್ಲ ಅಂತ ಬರ್ದಿದ್ದೀಯ?"

"ಬರಲ್ಲ ಅಂತಲ್ಲ. ಅರ್ಥ ಆಗಲ್ಲ ಅಂತ."

"ಕನ್ನಡ ಓದ್ತಾನೆ, ಇಂಗ್ಲಿಷ್ ಓದ್ತಾನೆ."

"ಸ್ಟೇಷನ್ ಮೈಕೂ ಮೂರು ಭಾಷೆ ಮಾತಾಡುತ್ತೆ ಕಣ್ರೀ. ಅದಕ್ಕೆ ರೈಲು ಹತ್ತಿ ಹೋಗೋದು ಗೊತ್ತಾ?"

ಸಿದ್ಧಾರ್ಥ ತಟ್ಟೆ ತಳ್ಳಿದ. ಹುರಳಿಸಾರು ನೆಲಕ್ಕೆ ಹರಿಯಿತು. "ನಮ್ಮೋರಿಗೆ ಓದೋದು ಬರಲ್ಲ ಅಂತ ಬರೆಯೋಕೆ ಊರು ತುಂಬ ಜನ ಇದ್ದಾರೆ. ಮನೆಯವಳೂ ಬೇಕಾ?"

ಮೂಲೆಯಲ್ಲಿ ಉಣ್ಣುತ್ತಿದ್ದ ಅಪ್ಪ ಹೊನ್ನಯ್ಯ ತಲೆ ಎತ್ತಿದ. ಮೂವತ್ತೆಂಟು ವರ್ಷದಿಂದ ಮಂಡಿಯಲ್ಲಿ ತೆಂಗಿನಕಾಯಿ ಎಣಿಸಿದ ಮನುಷ್ಯ. ಅಂಗೈಯ ಚರ್ಮ ಕಾಯಿಯ ಸಿಪ್ಪೆಯ ಹಾಗೇ ಆಗಿತ್ತು. "ನನ್ನ ಮೇಷ್ಟ್ರು ಜಗುಲಿ ಕೆಳಗೆ ಕೂರ್ಸೋರು ಕಣ್ಲಾ," ಎಂದ. "ಒಂದಿನಾನೂ ಏನೂ ಕೇಳ್ಲಿಲ್ಲ. ಕೊನೆಗೆ ಇವನ ತಲೆಗೆ ಹತ್ತಲ್ಲ ಅಂತ ಬರ್ದು ಕಳಿಸಿದ್ರು. ಕೇಳೋ ರೀತೀಲಿ ಕೇಳ್ಬೇಕು, ಅಷ್ಟೆ."

"ನೀನು ಸುಮ್ನಿರಪ್ಪ."

ಹೊನ್ನಯ್ಯ ಮತ್ತೆ ತಟ್ಟೆಗೆ ಬಗ್ಗಿದ. ಹನುಮಮ್ಮ ನೆಲದ ಸಾರು ಒರೆಸಿದಳು.

ಮೇ ಹತ್ತೊಂಬತ್ತಕ್ಕೆ ಶಾಲೆಯ ಪರೀಕ್ಷೆ. ಮೈಸೂರಿನ ಕಾಗದದ ಸುದ್ದಿ ಎತ್ತಕೂಡದೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ಬಂದ ಹೊನ್ನಯ್ಯನನ್ನು ಗೇಟಿನ ಬಳಿ ನಿಲ್ಲಿಸಿ ಸಿದ್ಧಾರ್ಥ ಹೇಳಿದ: "ನೀನು ಇಲ್ಲೇ ಇರಪ್ಪ. ಒಳಗೆ ಜಯದೇವಪ್ಪ ಇರ್ತಾರೆ." ಜಯದೇವಪ್ಪ ಶಾಲೆಯ ಕಮಿಟಿ ಅಧ್ಯಕ್ಷ. ಹೊನ್ನಯ್ಯ ಕಾಯಿ ಎಣಿಸುತ್ತಿದ್ದ ಮಂಡಿಯ ಯಜಮಾನನೂ ಅವನೇ.

ಹೆಡ್‌ಮಿಸ್ ಶಾಂತಾದೇವಿ ಸಿಂಹ-ಮೊಲದ ಕತೆಯ ಪುಸ್ತಕ ತೆರೆದಿಟ್ಟರು. ಪ್ರಬುದ್ಧ ಆ ಪುಟ ಓದಿದ, ಮುಂದಿನ ಪುಟ ಓದಿದ, ಕೊನೆಯ ಪುಟದ ಪ್ರೆಸ್ಸಿನ ವಿಳಾಸವನ್ನೂ ಓದಿದ. ಜಯದೇವಪ್ಪನ ಹುಬ್ಬು ಮೇಲೇರಿತು.

"ಸಿಂಹ ಎಲ್ಲಿ ಬಿತ್ತು ಪುಟ್ಟಾ?" ಎಂದು ಕೇಳಿದರು ಶಾಂತಾದೇವಿ.

"ಸಿಂಹ ಎಲ್ಲಿ ಬಿತ್ತು ಪುಟ್ಟಾ," ಎಂದಿತು ಮಗು.

ಅವರು ಹತ್ತು ಪೆನ್ಸಿಲ್ ಹರಡಿದರು. "ಎಷ್ಟಿದೆ, ಎಣಿಸು."

ಮಗುವಿನ ಎರಡೂ ಕೈ ಒಟ್ಟಿಗೆ ಚಾಚಿಕೊಂಡವು. ಬಾಯಲ್ಲಿ ಸಣ್ಣಗೆ ರಾಗ. ಪೆನ್ಸಿಲುಗಳು ಈ ಕಡೆಯಿಂದ ಆ ಕಡೆ ಹೋದವು. "ಐದು."

ಆಗ ಲತಾಮಣಿ ಗಂಡನ ಕಡೆ ನೋಡಿದಳು. ಸಿದ್ಧಾರ್ಥನ ಮುಖ ಕೆಂಪಗಾಗಿತ್ತು. ಏನೋ ಹೇಳಲು ತುಟಿ ಬಿಚ್ಚಿದ. ಜಯದೇವಪ್ಪನ ಕಡೆ ನೋಡಿದ. ಮುಚ್ಚಿಕೊಂಡ.

"ಓದೋದು ಬರೀ ಬಾಯಿಪಾಠ," ಎಂದರು ಶಾಂತಾದೇವಿ. "ಎಣಿಕೆ ಗೊತ್ತೇ ಇಲ್ಲ."

"ಹೋಗ್ಲಿ ಬಿಡಿ ಮೇಡಂ," ಎಂದು ಜಯದೇವಪ್ಪ ಧಾರಾಳವಾಗಿ ಕುರ್ಚಿಯಲ್ಲಿ ಹಿಂದಕ್ಕೊರಗಿದ. "ಸಿದ್ಧಾರ್ಥ ನಮ್ಮ ಹೊನ್ನನ ಮಗ. ಇವರದ್ದೆಲ್ಲ ಈಗೀಗ ಶುರು. ತಲೆಗೆ ಹತ್ತೋಕೆ ಇನ್ನೊಂದು ತಲೆಮಾರು ಬೇಕಾಗುತ್ತೆ ಪಾಪ. ಒಂದು ಸೀಟು ಹಿಡಿದಿರಿ. ಜೂನ್ ಕೊನೆಗೆ ಇನ್ನೊಂದು ಸಲ ನೋಡೋಣ. ಹತ್ತರವರೆಗಾದ್ರೂ ಎಣಿಸ್ಲಿ."

ಅವನ ಅಜ್ಜನ ಕಾಲದಿಂದ ಇವರು ಎಣಿಸಿಕೊಟ್ಟ ಕಾಯಿಯಿಂದಲೇ ಆ ಶಾಲೆಯ ಗೋಡೆ ಎದ್ದಿತ್ತು. ಅಂಥವರಿಗೆ ಎಣಿಕೆ ತಲೆಗೆ ಹತ್ತುವುದಿಲ್ಲ ಎಂದು ಆ ಗೋಡೆಯ ಒಳಗೆ ಕೂತು ಹೇಳುವುದಕ್ಕೆ ಅವನಿಗೆ ಒಂದಿಷ್ಟೂ ನಾಲಿಗೆ ತಡವರಿಸಲಿಲ್ಲ. ಸಿದ್ಧಾರ್ಥ ಕೈ ಮುಗಿದು ಹೊರಬಂದ. ಗೇಟಿನ ಬಳಿ ಅಪ್ಪ "ಏನಂದ್ರು?" ಎಂದರೆ ಮಗುವನ್ನು ಅವನ ಹೆಗಲಿಗೇರಿಸಿ ಮುಂದೆ ನಡೆದ.

ಜೂನ್‌ನಲ್ಲಿ ಗಂಡಸಿಯ ಶಾಲೆ ತೆರೆಯಿತು. ಲತಾಮಣಿ ಬೆಳಿಗ್ಗೆ ಎಂಟರ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ ಆರಕ್ಕೆ. ಮೊದಲ ಶನಿವಾರ ಬೆಳಗಿನ ಶಾಲೆ ಮುಗಿಸಿ ಹನ್ನೆರಡೂವರೆಗೇ ಬಂದರೆ, ಹನುಮಮ್ಮ ಒಬ್ಬಳೇ ಬಟ್ಟೆ ಒಗೆಯುತ್ತಿದ್ದಳು.

"ಮಗು ಎಲ್ಲತ್ತೆ?"

ಹನುಮಮ್ಮ ಒಗೆಯುವ ಕಲ್ಲಿಗೆ ಬಟ್ಟೆಯನ್ನು ಎರಡು ಸಲ ಹೆಚ್ಚಿಗೆ ಬಡಿದಳು. "ನನ್ ಮಂಡಿ ಹಿಡ್ಕಂಡೈತೆ. ಅದು ಓಡಿದ್ರೆ ಹಿಂದೆ ಹೋಗಕ್ಕಾಗಲ್ಲ. ನಿಮ್ಮ ಮಾವ ಕರ್ಕೊಂಡು ಹೋಗ್ತಾನೆ."

"ಎಲ್ಲಿಗೆ?"

"ಕಾಯಿ ಮಂಡಿಗೆ. ಹೋದ ವರ್ಷದಿಂದ್ಲೂ. ನಿನ್ ಗಂಡಂಗೆ ಹೇಳ್ಬ್ಯಾಡ ಕಣೇ. ಮಗೂನ ಅಲ್ಲಿಗೆ ಬಿಡಕೂಡ್ದು ಅಂತ ಆಣೆ ಇಕ್ಕವ್ನೆ."

ಮಾವನ ಬುತ್ತಿಯನ್ನು ತಾನೇ ಎತ್ತಿಕೊಂಡು ಲತಾಮಣಿ ಮಂಡಿಗೆ ನಡೆದಳು. ಬೇಲೂರಿನಲ್ಲಿ ಹುಟ್ಟಿ ಬೆಳೆದವಳು ಮದುವೆಯಾಗಿ ಆರು ವರ್ಷವಾದರೂ ಆ ಅಂಗಳದೊಳಗೆ ಹೋಗಿರಲಿಲ್ಲ. ಆಳೆತ್ತರದ ಕಾಯಿರಾಶಿಯ ಬುಡದಲ್ಲಿ ಹೊನ್ನಯ್ಯ ಬಗ್ಗಿ ನಿಂತಿದ್ದ. ಒಂದೊಂದು ಕೈಗೆ ಒಂದೊಂದು ಕಾಯಿ, ಎರಡನ್ನೂ ಒಂದೇ ಬೀಸಿಗೆ ಆಚೆ ಎಸೆದು, "ಒಂದೇ ಒಂದೂ..." ಮತ್ತೆರಡು ಕಾಯಿ, "ಎರಡೇ ಎರಡೂ..." ಎರಡು ಕಾಯಿಗೆ ಒಂದು ಲೆಕ್ಕ. ಐವತ್ತು ಲೆಕ್ಕಕ್ಕೆ ನೂರು ಕಾಯಿ. ರಾಶಿ ಮುಗಿದು ಒಂಟಿಯಾಗಿ ಉಳಿದ ಕಾಯಿಯನ್ನು ಬಲಗಾಲಿನ ಪಕ್ಕ ಇಟ್ಟುಕೊಂಡ. ಅದನ್ನು ಯಾರೂ ಮುಟ್ಟುವಂತಿಲ್ಲ. ಮುಂದಿನ ರಾಶಿ ಅಲ್ಲಿಂದಲೇ ಶುರು.

ಅವನ ಪಕ್ಕ, ಸಣ್ಣ ಕಾಯಿಗಳ ಗುಡ್ಡೆಯ ಮುಂದೆ ಪ್ರಬುದ್ಧ ಕುಕ್ಕರಗಾಲಲ್ಲಿ ಕೂತಿದ್ದ. ಎರಡು ಕೈ, ಎರಡು ಕಾಯಿ. "ಏಳೇ ಏಳೂ..."

ಲತಾಮಣಿ ಬುತ್ತಿಯನ್ನು ನೆಲಕ್ಕಿಟ್ಟಳು.

"ಮಾವ, ಇವನು... ಇವನಿಗೆ..."

"ಬತ್ತದೆ ತಾಯಿ," ಎಂದ ಹೊನ್ನಯ್ಯ ಬೆವರು ಒರೆಸಿಕೊಂಡು. "ಯಾಕೆ ಬರಲ್ಲ? ನೋಡು ಬೇಕಾದ್ರೆ." ಗುಡ್ಡೆಯ ಹಿಂದಿನಿಂದ ಅವನು ಮೆಲ್ಲಗೆ ಒಂದು ಕಾಯಿ ಕದ್ದ. ಮಗು ಎಣಿಸಿ ಮುಗಿಸಿತು. ಒಂಟಿ ಉಳಿಯಿತು. ಅದನ್ನು ನೋಡಿತು, ಸುತ್ತ ಹುಡುಕಿತು, ಎದ್ದು ಬಂದು ತಾತನ ಪಂಚೆಯ ಮರೆಯಲ್ಲಿದ್ದ ಕಾಯಿ ಎಳೆದುಕೊಂಡು ಜೋಡಿ ಮಾಡಿ, "ಹದಿನಾರೇ ಹದಿನಾರೂ" ಎಂದು ಕೇಕೆ ಹಾಕಿ ನಕ್ಕಿತು.

ಲತಾಮಣಿ ಆ ನಗುವನ್ನು ಮನೆಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅಲ್ಲೇ ಕೂತು, ಬ್ಯಾಗಿನಿಂದ ನಮೂನೆ ತೆಗೆದು, ಎಣಿಕೆಯ ಮುಂದಿನ 'ಇಲ್ಲ' ಹೊಡೆದುಹಾಕಿ 'ಹೌದು' ಎಂದು ಒತ್ತಿ ಬರೆದಳು.

"ಪರೀಕ್ಷೆ ದಿನ ನೀವು ಒಳಗೆ ಬಂದಿದ್ರೆ ಮಾವ..."

"ಕರೀಲಿಲ್ಲವಲ್ಲ ತಾಯಿ."

ಸಂಜೆ ಕಚೇರಿಯಿಂದ ಬಂದ ಗಂಡ ಅಂಗಿ ಬಿಚ್ಚುವವರೆಗೂ ಲತಾಮಣಿ ಕಾಯಲಿಲ್ಲ. ಹೇಳಿದಳು. ಆಶ್ಚರ್ಯಪಡುತ್ತಾನೆ, ಮಗುವನ್ನು ಎತ್ತಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಸಿದ್ಧಾರ್ಥ ಗುಂಡಿ ಬಿಚ್ಚುತ್ತಲೇ ಇದ್ದ. ಅವಳಿಗೆ ಶಾಲೆಯ ಆ ಕೋಣೆ, ಅವನ ಕೆಂಪಾದ ಮುಖ ನೆನಪಾಯಿತು.

"ನಿಮಗೆ ಅವತ್ತೇ ಗೊತ್ತಾಯ್ತು."

ಅವನು ಅಂಗಿಯನ್ನು ಗೂಟಕ್ಕೆ ನೇತುಹಾಕಿದ.

"ಚಿಕ್ಕವರಿದ್ದಾಗ ಮಾವನಿಗೆ ಬುತ್ತಿ ಒಯ್ತಿದ್ದೋರು ನೀವು. ಆ ಲೆಕ್ಕ ನಿಮಗೆ ಗೊತ್ತಿಲ್ವಾ? ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ರಾ?"

"ಏನ್ ಹೇಳ್ಬೇಕಿತ್ತು?" ಸಿದ್ಧಾರ್ಥ ಕೂಗಿದ. "ಸ್ವಾಮಿ, ನನ್ನ ಮಗ ನಿಮ್ಮ ಮಂಡೀಲಿ ಕಾಯಿ ಎಣಿಸೋದು ಕಲ್ತಿದ್ದಾನೆ ಅಂತ ಜಯದೇವಪ್ಪನ ಮುಂದೆ ಹೇಳ್ಬೇಕಿತ್ತಾ? ಬಿದ್ದು ಬಿದ್ದು ನಗ್ತಿದ್ದ. ಇನ್ನೊಂದು ಆಳು ಸಿಕ್ತು ಅಂತಿದ್ದ! ಈ ಮನೇಲಿ ಕಾಯಿ ಎಣಿಸೋ ಕೈ ಅಪ್ಪಂದೇ ಕೊನೆ ಆಗ್ಲಿ ಅಂತ ನಾನು ಬೀದಿ ದೀಪದ ಕೆಳಗೆ ಓದಿದೋನು ಕಣೇ."

"ಆ ಕೈ ನಿನ್ನ ಓದಿಸ್ತು ಕಣ್ಲಾ," ಎಂದಳು ಹನುಮಮ್ಮ ಒಳಗಿನಿಂದ.

"ಅವ್ವ, ನೀನು ಕದ್ದು ಕಳಿಸಿದ್ದೀಯ. ಇನ್ನು ಅವನು ಅಲ್ಲಿಗೆ ಹೋದ್ರೆ ನಾನು ಈ ಮನೇಲಿ ನೀರು ಮುಟ್ಟಲ್ಲ."

"ಅವನಿಗೆ ನಿಜವಾಗಿ ಗೊತ್ತಿರೋದು ಅದೊಂದೇ ಕಣ್ರೀ," ಎಂದಳು ಲತಾಮಣಿ.

"ಸೀಟು ಬೇಕಾ, ಬೇಡ್ವಾ? ಅಷ್ಟು ಹೇಳು."

ಲತಾಮಣಿಗೆ ಡಾಕ್ಟರಮ್ಮನ ಮಾತು ಕಿವಿಯಲ್ಲಿತ್ತು. ಬೇರೆ ಮಕ್ಕಳು. ಅದೇ ಔಷಧ. ಸೋಮವಾರ ರಜೆ ಹಾಕಿ ಒಬ್ಬಳೇ ಶಾಂತಾದೇವಿಯವರ ಬಳಿ ಹೋದಳು. ಅವರು ಕೇಳಿಸಿಕೊಂಡರು, ಮರುಕವನ್ನೂ ಪಟ್ಟರು. "ಇರಬಹುದಮ್ಮ. ಆದ್ರೆ ಹತ್ತು ಪೆನ್ಸಿಲ್ ಇಟ್ರೆ ಹತ್ತು ಅನ್ನಬೇಕು. ನಮ್ಮ ಹಾಳೆಯಲ್ಲಿ ಐದಕ್ಕೆ ಮಾರ್ಕ್ಸ್ ಇಲ್ಲ. ನೀವೂ ಟೀಚರ್ ಅಲ್ವಾ, ನಿಮ್ಮ ಸ್ಕೂಲಲ್ಲಾದ್ರೂ ಕೊಡ್ತೀರಾ?"

ಕೊಡುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಆವತ್ತು ಸಂಜೆಯಿಂದ ತಾಲೀಮು. ಸಿದ್ಧಾರ್ಥ ಕಚೇರಿಯಿಂದ ಬಂದು ಕೈಕಾಲು ತೊಳೆದು ಹತ್ತು ಗೋಲಿ ಹಾಕುವನು. "ಒಂದು ಸಲಕ್ಕೆ ಒಂದು. ವನ್. ಟೂ. ತ್ರೀ." ಮಗುವಿನ ಎಡಗೈ ಚಾಚಿ ಬರುವುದು. ಅಪ್ಪ ಹಿಡಿದು ಹಿಂದೆ ಸರಿಸುವನು. ಮತ್ತೆ ಬರುವುದು. ಅಡಿಕೋಲಿನಿಂದ ಗೆಣ್ಣಿಗೆ ಒಂದು ಏಟು. ಮಗು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದು. ಮೂರು ದಿನ ಹೀಗೆ ಹೋಯಿತು.

"ಹೊಡೆದು ಕೈ ಊದಿಸ್ಬೇಡಿ," ಎಂದಳು ಲತಾಮಣಿ ನಾಲ್ಕನೆಯ ದಿನ. "ಕಟ್ಟಿಬಿಡೋಣ."

ಅವಳೇ ಅಂದದ್ದು. ಮುಂದೆ ಅದೆಷ್ಟೋ ಸಲ ತನ್ನ ಬಾಯಿ ತಾನೇ ಹೊಡೆದುಕೊಂಡರೂ ಆ ಮಾತು ವಾಪಸು ಬರಲಿಲ್ಲ. ಮಾವನ ಮೆತ್ತನೆಯ ಹಳೆಯ ಟವೆಲನ್ನು ಮಡಿಸಿ, ನೋಯದಂತೆ, ಮಗುವಿನ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಸೇರಿಸಿ ಕಟ್ಟಿದಳು. ಕಟ್ಟುವಾಗ "ನಮ್ಮಪ್ಪ, ನಮ್ಮ ರಾಜ" ಎಂದು ಮುದ್ದಿಸಿದಳು.

ಹೊನ್ನಯ್ಯ ಅಂದಿನಿಂದ ಒಳಗೆ ಉಣ್ಣಲಿಲ್ಲ. ತಟ್ಟೆ ಹಿಡಿದು ಹಿತ್ತಿಲ ಕಟ್ಟೆಗೆ ಹೋಗುವನು.

"ಬನ್ನಿ ಮಾವ, ಒಳಗೆ ಕೂತ್ಕೊಳ್ಳಿ."

"ಆ ಟವಲ್ ನಂದು ಕಣವ್ವ," ಎಂದ ಒಂದು ದಿನ. "ಬೆವರು ಒರೆಸ್ಕೊಳಕ್ಕೆ ತಗೊಂಡಿದ್ದು."

ಎರಡು ವಾರಕ್ಕೆ ಮಗುವಿನ ಕಿರುಚಾಟ ನಿಂತಿತು. ಮೂರನೆಯ ವಾರ ಅದು ಅಪ್ಪನದೇ ದನಿಯಲ್ಲಿ, ಅಪ್ಪನ ಕೆಮ್ಮನ್ನೂ ಸೇರಿಸಿ, ವನ್‌ನಿಂದ ಹಂಡ್ರೆಡ್‌ವರೆಗೆ ಹೇಳತೊಡಗಿತು. ಸಿದ್ಧಾರ್ಥ ಮೈಸೂರ್‌ಪಾಕ್ ತಂದು ಓದು ಬಳಗಕ್ಕೆಲ್ಲ ಹಂಚಿದ. "ಇನ್ನು ತಾಲ್ಲೂಕು ಕಚೇರಿಗೆ ಇವನನ್ನೇ ಕಳಿಸು, ನೀನು ಮನೇಲಿರು," ಎಂದು ದೇವರಾಜ್ ಮತ್ತೆ ನಗಿಸಿದ.

ಜೂನ್ ಮೂವತ್ತಕ್ಕೆ ಶಾಂತಾದೇವಿ ಮತ್ತೆ ಹತ್ತು ಪೆನ್ಸಿಲ್ ಹರಡಿದರು. ಪ್ರಬುದ್ಧನ ಬಲಗೈ ಬೆರಳು ಮೊದಲನೆಯ ಪೆನ್ಸಿಲಿನ ಮೇಲೆ ಬಿದ್ದು ಅಲ್ಲೇ ನಿಂತಿತು. "ವನ್, ಟೂ, ತ್ರೀ, ಫೋರ್..." ಬೆರಳು ಕದಲಲಿಲ್ಲ. ಹೆಡ್‌ಮಿಸ್ ಬೆರಳು ನೋಡಲಿಲ್ಲ, ಬಾಯಿ ನೋಡುತ್ತಿದ್ದರು. "ಟೆನ್" ಎನ್ನುತ್ತಲೇ, "ಸಾಕು ಸಾಕು, ವೆರಿ ಗುಡ್" ಎಂದು ತಡೆದು ಹಾಳೆಯ ಮೇಲೆ ಬರೆದರು: ಎಣಿಕೆ ತಿಳಿದಿದೆ.

"ನೋಡಿದ್ಯಾ ಸಿದ್ಧಾರ್ಥ," ಎಂದ ಜಯದೇವಪ್ಪ, "ನಮ್ಮ ಶಾಲೆ ಅಂದ ಕೂಡ್ಲೇ ಹುಡುಗ ಹೆಂಗೆ ದಾರಿಗೆ ಬಂದ!"

ಲತಾಮಣಿ ಆ ಬೆರಳನ್ನು ನೋಡಿದ್ದಳು. ಹೇಳಲಿಲ್ಲ. ಸಮವಸ್ತ್ರದ ಬಟ್ಟೆ ಕೊಂಡು ಮನೆಗೆ ಬಂದಳು.

ಮಗುವಿಗೆ ಸೀಟು ಸಿಕ್ಕಿತು. ಬೇರೆ ಮಕ್ಕಳು ಮುಂದಿನ ಮೂರು ಬೆಂಚಿನಲ್ಲಿ, ಪ್ರಬುದ್ಧ ಹಿಂದೆ ಕಿಟಕಿಯ ಪಕ್ಕ ಒಬ್ಬನೇ. ಗಲಾಟೆ ಮಾಡದ ಹುಡುಗ ಎಂದು ಆಯಾ ಹೊಗಳಿದಳು.

ಜುಲೈ ಮೊದಲ ವಾರ ಕಳೆದಿತ್ತು. ಮಾರನೆಯ ದಿನ ಡಾಕ್ಟರಮ್ಮನಿಗೆ ನಮೂನೆ ತೋರಿಸಲು ಮೈಸೂರಿಗೆ ಹೋಗಬೇಕಿದ್ದುದರಿಂದ ಲತಾಮಣಿ ಒಲೆಯ ಮುಂದೆ ಬೇಗ ಮುದ್ದೆ ತಿರುವುತ್ತಿದ್ದಳು. ಸಿದ್ಧಾರ್ಥ ಇನ್ನೂ ಬಂದಿರಲಿಲ್ಲ. ಹೊನ್ನಯ್ಯ ಎಷ್ಟೋ ದಿನದ ಮೇಲೆ ಒಳಗೆ ಬಂದ. ಪಂಚೆಯ ಮಡಿಲಲ್ಲಿ ಆರು ಕಾಯಿ. ಮೊಮ್ಮಗನ ಮುಂದೆ ಎರಡೆರಡಾಗಿ ಇಳಿಸಿ, ತಾನೂ ಮಂಡಿಯೂರಿ ಕೂತ.

"ಎಷ್ಟು ಮಗಾ? ಎಣಿಸು ನೋಡಾನ. ಯಾರೂ ಹೊಡೆಯಲ್ಲ ಬಾ."

ಪ್ರಬುದ್ಧ ಕಾಯಿಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಲತಾಮಣಿಯ ಕೈಯ ಮುದ್ದೆಕೋಲು ನಿಂತಿತು. ಮಗುವಿನ ಎಡಗೈ ತೊಡೆಯ ಮೇಲಿಂದ ಮೇಲೆದ್ದಿತು.

ಎದ್ದ ಕೈ ಕಾಯಿಯ ಕಡೆ ಬರಲಿಲ್ಲ. ಮೆಲ್ಲಗೆ ಬೆನ್ನ ಹಿಂದೆ ಹೋಯಿತು. ಟವೆಲ್ಲೂ ಇರಲಿಲ್ಲ, ಕಟ್ಟುವವರೂ ಇರಲಿಲ್ಲ. ಹೋಗಿ, ಸೊಂಟದ ಆ ಜಾಗದಲ್ಲಿ ತಾನಾಗಿಯೇ ಕೂತುಕೊಂಡಿತು.

"ವನ್, ಟೂ, ತ್ರೀ..."

ಆರು ದಾಟಿತು. ಹತ್ತು ದಾಟಿತು. ನಲವತ್ತರ ಹತ್ತಿರ ಅಪ್ಪನ ಕೆಮ್ಮು ಕೆಮ್ಮಿತು. ಹನುಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಲೆಯ ಮೇಲೆ ಮುದ್ದೆ ತಳ ಹಿಡಿದು ಸೀದ ವಾಸನೆ ಎದ್ದಿತು.

"ಹಂಡ್ರೆಡ್," ಎಂದಿತು ಮಗು.

ಹೊನ್ನಯ್ಯ ಕಾಯಿಗಳನ್ನು ವಾಪಸು ಮಡಿಲಿಗೆ ತುಂಬಿಕೊಂಡ. ಅವನ ಕೈಯೂ ಅಂದು ಜೋಡಿ ಹಿಡಿಯಲಿಲ್ಲ. ಒಂದೊಂದಾಗಿ ಎತ್ತಿಕೊಂಡ. "ಬರ್ಕೋ ತಾಯಿ," ಎಂದ ಸೊಸೆಯ ಮುಖ ನೋಡದೆ. "ನಿನ್ ಕಾಗದದಲ್ಲಿ ಬರ್ಕೋ. ಬತ್ತದೆ ಅಂತ."

ಹಿಂದೆ ಮಗು ಮತ್ತೆ ವನ್‌ನಿಂದ ಶುರುಮಾಡಿತ್ತು. ಕೈ ಬೆನ್ನ ಹಿಂದೆಯೇ ಇತ್ತು.